ಎಷ್ಟು ದೂರ ನಿಲ್ಲಬೇಕು?

ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸದವರು ಇಬ್ಬರು ಕೆರೆ ಏರಿಯ ಮೇಲೆ ಎದುರಾದರೆ ಮೊದಲು ಬರುವ ಪ್ರಶ್ನೆ 'ಯಾವ ಲೆನ್ಸು?' ಎಂಬುದೇ. 400 ಮಿಲಿಮೀಟರೋ 600 ಮಿಲಿಮೀಟರೋ, ತೂಕ ಎಷ್ಟು, ಕೈಯಲ್ಲೇ ಹಿಡಿದು ತೆಗೆಯಬಹುದೋ ಸ್ಟ್ಯಾಂಡ್ ಬೇಕೋ, ಹೀಗೆ ಮಾತು ಬೆಳೆಯುತ್ತದೆ. ಈ ಮಾತುಗಳು ನನಗೂ ಇಷ್ಟ. ಆದರೆ ಮಂಡ್ಯ ಜಿಲ್ಲೆಯ ಎರಡು ಜಾಗಗಳನ್ನೂ ತುಮಕೂರು ಜಿಲ್ಲೆಯ ಒಂದು ಬಯಲನ್ನೂ ಒಂದೇ ಚಳಿಗಾಲದ ಕೊನೆಯಲ್ಲಿ ಸುತ್ತಿ ಬಂದ ಮೇಲೆ ನನಗೆ ಇನ್ನೊಂದು ಪ್ರಶ್ನೆಯೇ ಹೆಚ್ಚು ಮುಖ್ಯ ಅನ್ನಿಸುತ್ತಿದೆ: ಎಷ್ಟು ದೂರದಲ್ಲಿ ನಿಂತಿದ್ದಿರಿ?

ಹೊರಡುವ ಮುನ್ನ ಬ್ಯಾಗಿನಲ್ಲಿ ಏನಿದೆ ಎಂದು ಹೇಳಿಬಿಡುತ್ತೇನೆ. ಕ್ರಾಪ್ ಸೆನ್ಸರಿನ ಒಂದು ಕ್ಯಾಮೆರಾ, 100–400 ಮಿ.ಮೀ. ಜೂಮ್ ಲೆನ್ಸು, ಕ್ಯಾಮೆರಾದ ಜೊತೆಗೇ ಬಂದ 18–55ರ ಪುಟ್ಟ ಲೆನ್ಸು, ಒಂದು ಮೋನೋಪಾಡ್, ಎರಡು ಬ್ಯಾಟರಿ, ಧೂಳು ಊದುವ ರಬ್ಬರ್ ಬುರುಡೆ, ಗಾಜು ಒರೆಸುವ ಬಟ್ಟೆ, ಸಿಲಿಕಾ ಜೆಲ್ಲಿನ ಪೊಟ್ಟಣಗಳು. ಜೊತೆಗೆ ನಮ್ಮ ಬೀದಿಯ ಟೈಲರ್ ದಪ್ಪ ಬಟ್ಟೆಯಲ್ಲಿ ಹೊಲಿದುಕೊಟ್ಟ ಒಂದು ಖಾಲಿ ಚೀಲ. ಹೋದ ಊರಿನ ಅಂಗಡಿಯಲ್ಲಿ ಎರಡು ಕೆ.ಜಿ. ಕಡಲೆಕಾಳು ಕೊಂಡು ತುಂಬಿಸಿ ಬಾಯಿ ಕಟ್ಟಿದರೆ ಅದೇ ಬೀನ್‌ಬ್ಯಾಗ್. ಕಾರಿನ ಕಿಟಕಿಯ ಮೇಲಿಟ್ಟು ಲೆನ್ಸನ್ನು ಅದರಲ್ಲಿ ಹುದುಗಿಸಿದರೆ ಎಂಥ ಟ್ರೈಪಾಡಿಗೂ ಕಡಿಮೆಯಿಲ್ಲದಂತೆ ನಿಲ್ಲುತ್ತದೆ. ವಾಪಸ್ ಬಂದ ಮೇಲೆ ಕಾಳು ಉಸಲಿಗಾಗುತ್ತದೆ.

ಸಿಲಿಕಾ ಜೆಲ್ ಬಯಲುಸೀಮೆಯ ತಿರುಗಾಟಕ್ಕೆ ಅಷ್ಟಾಗಿ ಬೇಕಿಲ್ಲ. ಮಲೆನಾಡಿನ ಮಳೆಗಾಲಕ್ಕೆ ಅದಿಲ್ಲದಿದ್ದರೆ ಲೆನ್ಸಿನ ಒಳಗಾಜಿಗೆ ಬೂಷ್ಟು ಹತ್ತಿ ಜೇಡರ ಬಲೆಯ ಹಾಗೆ ಹರಡಿಬಿಡುತ್ತದೆ. ಮನೆಯಲ್ಲಿ ಗಾಳಿಯಾಡದ ಡಬ್ಬಿಯೊಳಗೆ ಪುಟ್ಟದೊಂದು ತೇವಮಾಪಕ ಇಟ್ಟು, ಮುಳ್ಳು 40ರಿಂದ 50 ಶೇಕಡಾದ ನಡುವೆ ಇರುವಂತೆ ನೋಡಿಕೊಂಡರೆ ಸಾಮಾನ್ಯ ಲೆನ್ಸೂ ದಶಕಗಟ್ಟಲೆ ಬಾಳುತ್ತದೆ.

400 ಮಿ.ಮೀ. ಲೆನ್ಸನ್ನು ಕ್ರಾಪ್ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿದಾಗ ಅದು ನೋಡುವ ಕೋನ ಫುಲ್‌ಫ್ರೇಮ್ ಕ್ಯಾಮೆರಾದ ಸುಮಾರು 600 ಮಿ.ಮೀ. ಲೆನ್ಸಿನಷ್ಟೇ ಇಕ್ಕಟ್ಟಾಗುತ್ತದೆ. ದೂರದ ಹಕ್ಕಿ ಚೌಕಟ್ಟು ತುಂಬುತ್ತದೆ, ಅದರ ಜೊತೆಗೆ ಕೈಯ ನಡುಕವೂ ಹಿಗ್ಗುತ್ತದೆ. ಅದಕ್ಕೇ ಹಿಂದಿನಿಂದ ಬಂದ ಒಂದು ಲೆಕ್ಕವಿದೆ: ಶಟರ್ ವೇಗ ಸೆಕೆಂಡಿನ 1/600ಕ್ಕಿಂತ ನಿಧಾನವಾಗಬಾರದು. ಈಗಿನ ಲೆನ್ಸುಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಇರುವುದರಿಂದ ಇನ್ನೂ ಕೆಳಗಿಳಿಯಬಹುದು. ಆದರೆ ಆ ವ್ಯವಸ್ಥೆ ಹಿಡಿದಿಡುವುದು ನಮ್ಮ ಕೈಯನ್ನು. ಕತ್ತು ಕೊಂಕಿಸುವ ಹಕ್ಕಿ, ಜಿಗಿಯುವ ಜಿಂಕೆ ಅದರ ಮಾತು ಕೇಳುವುದಿಲ್ಲ. ಕೂತ ಹಕ್ಕಿಗೆ 1/500, ಹಾರುವ ಹಕ್ಕಿಗೆ 1/2000 ಎಂದು ಇಟ್ಟುಕೊಂಡು, ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸುತ್ತೇನೆ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಂಡರೂ ಚಿಂತೆಯಿಲ್ಲ, ಹಕ್ಕಿಯ ಕಣ್ಣು ಮಸುಕಾದರೆ ಅದನ್ನು ಸರಿಪಡಿಸುವ ಉಪಾಯ ಯಾವುದೂ ಇಲ್ಲ.

ಮೊದಲ ಪಯಣ ಕೊಕ್ಕರೆಬೆಳ್ಳೂರಿಗೆ. ಬೆಂಗಳೂರು–ಮೈಸೂರು ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಬೇಕು. ಅಲ್ಲಿಂದ ಕಬ್ಬು, ರೇಷ್ಮೆ ಸೊಪ್ಪು, ತೆಂಗಿನ ನಡುವೆ ಸುಮಾರು 12 ಕಿಲೋಮೀಟರ್. ಗೆಳೆಯನೇ ಕಾರು ಓಡಿಸುತ್ತಿದ್ದ. ನಾವು ಮುಟ್ಟಿದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಹಕ್ಕಿ ಕಾಣುವ ಮೊದಲೇ ಊರು ಮೂಗಿಗೆ ಗೊತ್ತಾಯಿತು. ಹುಣಸೆ ಮರಗಳ ಕೆಳಗಿನ ನೆಲ, ಹಂಚಿನ ಮಾಡು, ನಿಂತ ಟ್ರ್ಯಾಕ್ಟರಿನ ಬಾನೆಟ್ಟು, ಎಲ್ಲದರ ಮೇಲೂ ಸುಣ್ಣ ಎರಚಿದಂತೆ ಹಿಕ್ಕೆ. ತಲೆಯ ಮೇಲೆ ಮರಿಗಳ ಗದ್ದಲ. ದೊಡ್ಡ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಹೆಚ್ಚು ಮಾತಾಡುವ ಹಕ್ಕಿಗಳಲ್ಲ. ಕೂಗಿ ಕೂಗಿ ಊರು ಎಬ್ಬಿಸುವುದು ಹಸಿದ ಮರಿಗಳೇ.

ಇದು ಬೇಲಿ ಹಾಕಿದ ಪಕ್ಷಿಧಾಮವಲ್ಲ, ಜನ ವಾಸವಿರುವ ಊರು. ರೆಕ್ಕೆ ಬಿಚ್ಚಿದರೆ 2.5 ಮೀಟರ್ ಮುಟ್ಟುವ ಹೆಜ್ಜಾರ್ಲೆಯಂಥ ಹಕ್ಕಿ ಇಲ್ಲಿ ಮನೆಯ ಹಿತ್ತಲ ಹುಣಸೆಯಲ್ಲಿ, ಬೀದಿಯ ಅರಳಿಯಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲದ ಹೊತ್ತಿಗೆ ಬಂದು, ಮರಿ ಮಾಡಿ, ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತದೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಎಂದು ಊರವರು ಹೇಳುವುದುಂಟು. ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ವಿಚಾರವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಮರದಲ್ಲಿ ಗೂಡು ಇರುವಷ್ಟು ಕಾಲ ಹುಣಸೆ ಬಡಿಯುವಂತಿಲ್ಲವಾದ್ದರಿಂದ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ಬಂತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಊರಿನವರೇ ಸೇರಿದ ಹೆಜ್ಜಾರ್ಲೆ ಬಳಗ ಕೈಗೆತ್ತಿಕೊಂಡಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು.

ಇಷ್ಟು ಹತ್ತಿರ ಕಾಡುಹಕ್ಕಿ ಸಿಕ್ಕರೆ ಛಾಯಾಗ್ರಾಹಕನಿಗೆ ಹಬ್ಬ ಎಂದುಕೊಂಡು ಬರುತ್ತೇವೆ. ಮರದ ಬುಡದಲ್ಲಿ ನಿಂತು ಕ್ಯಾಮೆರಾ ಎತ್ತಿದರೆ ಕಾಣುವುದು ಮಾತ್ರ ಕಡ್ಡಿಯ ಗೂಡಿನ ತಳ, ಒಂದಿಷ್ಟು ಹೊಟ್ಟೆ, ಕೊಕ್ಕಿನ ಅಡಿ. ಹಿಂದೆ ಬಿಳಿಚಿದ ಆಕಾಶ. ಲೆಕ್ಕ ಸುಲಭ. ಗೂಡು 10 ಮೀಟರ್ ಎತ್ತರದಲ್ಲಿದ್ದು ನಾವು ಅಷ್ಟೇ ದೂರ ನಿಂತರೆ ಲೆನ್ಸು 40 ಡಿಗ್ರಿಗೂ ಮೇಲಕ್ಕೆ ಮುಖ ಮಾಡಬೇಕು. ಹಿಂದಕ್ಕೆ ನಡೆದು 60 ಮೀಟರ್ ದೂರದ ಹೊಲದ ಬದುವಿನಲ್ಲಿ ನಿಂತರೆ ಆ ಕೋನ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಆಗ ಹಕ್ಕಿಯ ಮುಖ ಕಾಣುತ್ತದೆ, ಬೆನ್ನಿನ ಗೆರೆ ಕಾಣುತ್ತದೆ, ಹಿಂದೆ ಇನ್ನೊಂದು ಮರದ ಹಸಿರು ಬಂದು ನಿಲ್ಲುತ್ತದೆ. ಟೆಲಿ ಲೆನ್ಸು ಇರುವುದೇ ಇದಕ್ಕೆ, ಹಿಂದಕ್ಕೆ ಹೋಗಿಯೂ ಹಕ್ಕಿಯನ್ನು ಕಳೆದುಕೊಳ್ಳದಿರಲಿಕ್ಕೆ. ಆ ದೂರದಿಂದ ತೆಗೆದ ಚಿತ್ರಗಳಲ್ಲೇ ಮರಿ ತಾಯಿಯ ಗಂಟಲಿನೊಳಗೆ ತಲೆ ತೂರಿಸಿ ಮೀನು ತಿನ್ನುವುದು ನನಗೆ ಸ್ಪಷ್ಟವಾಗಿ ಸಿಕ್ಕಿತು.

ಹಾಗೆ ಹಿಂದೆ ಸರಿಯುತ್ತಾ ಹೋದಾಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ನನ್ನ ಲೆನ್ಸು ಮರದ ಕಡೆ ತಿರುಗಿದಾಗಲೆಲ್ಲ ಒಂದು ಮನೆಯ ಹಿತ್ತಲ ಕಡೆಗೂ ತಿರುಗಿರುತ್ತದೆ. ಅಲ್ಲಿ ಯಾರೋ ಬಟ್ಟೆ ಒಗೆಯುತ್ತಿರುತ್ತಾರೆ, ಮಗುವಿಗೆ ನೀರು ಹಾಕುತ್ತಿರುತ್ತಾರೆ. ಅಂಗಳ ಸಾರಿಸುತ್ತಿದ್ದ ಅಜ್ಜಿಯೊಬ್ಬರನ್ನು, "ಅಜ್ಜಿ, ನಿಮ್ಮ ಹಿತ್ತಲ ಮರದ ಫೋಟೋ ತೆಗೀಬಹುದಾ?" ಎಂದು ಕೇಳಿದೆ.

"ತಕ್ಕೊಳಪ್ಪ, ಅದಕ್ಕೇನು? ಮರದ್ ಕೆಳಗ್ ಮಾತ್ರ ನಿಂತ್ಕೋಬ್ಯಾಡ, ಮೈಯೆಲ್ಲಾ ಗಲೀಜಾಯ್ತದೆ. ಬಾ, ಮಾಳಿಗೆ ಮ್ಯಾಕ್ ಹತ್ತು."

ಮಾಳಿಗೆಯಿಂದ ಗೂಡು ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಕಣ್ಣಿನ ಮಟ್ಟದಿಂದ ತೆಗೆದ ಚಿತ್ರದಲ್ಲಿ ಹಕ್ಕಿಯ ಜೊತೆ ಒಂದು ಸಮಾನತೆ ಇರುತ್ತದೆ. ಆ ಎತ್ತರವನ್ನು ನನಗೆ ಕೊಟ್ಟದ್ದು ಅಜ್ಜಿಯ ಒಪ್ಪಿಗೆ. ಕೇಳದೆ ತೆಗೆದಿದ್ದರೆ ನಾನು ಬೀದಿಯಲ್ಲೇ ಇರುತ್ತಿದ್ದೆ.

ಬಿಳಿ ಹಕ್ಕಿಯ ಎಕ್ಸ್‌ಪೋಷರ್ ಬಗ್ಗೆಯೂ ಇಲ್ಲೇ ಹೇಳಬೇಕು. ಕ್ಯಾಮೆರಾದೊಳಗಿನ ಬೆಳಕಿನ ಮಾಪಕ ತನ್ನೆದುರಿನ ದೃಶ್ಯವೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದು ನಂಬಿ ನಡೆಯುತ್ತದೆ. ಕಪ್ಪು ಹಸಿರಿನ ಹುಣಸೆಯ ಮುಂದೆ ಬಿಳಿ ಹಕ್ಕಿ ಕೂತರೆ, ಮರವನ್ನು ಬೂದಾಗಿಸಲು ಹೋಗಿ ಹಕ್ಕಿಯನ್ನು ಸುಟ್ಟುಹಾಕುತ್ತದೆ. ಆಗ ಎಕ್ಸ್‌ಪೋಷರನ್ನು ಮುಕ್ಕಾಲು, ಒಂದು ಸ್ಟಾಪಿನಷ್ಟು ಇಳಿಸಬೇಕು. ಅದೇ ಹಕ್ಕಿ ಎದ್ದು ಬೆಳ್ಳನೆಯ ಆಕಾಶಕ್ಕೆ ಹಾರಿದರೆ ಎಲ್ಲ ತಲೆಕೆಳಗು. ಆಕಾಶವನ್ನು ಬೂದಾಗಿಸಲು ಹೋಗಿ ಹಕ್ಕಿ ಕಪ್ಪು ನೆರಳಾಗುತ್ತದೆ, ಒಂದು ಸ್ಟಾಪು ಏರಿಸಬೇಕು. ಮರದಿಂದ ಆಕಾಶಕ್ಕೆ ಹಾರುವ ಕೊಕ್ಕರೆಗೆ ಈ ಎರಡೂ ಅರೆಗಳಿಗೆಯಲ್ಲಿ ಎದುರಾಗುತ್ತವೆ. ಅದಕ್ಕೇ ಬೆಳಗಿನ ಬಿಸಿಲು ಒಂದೇ ಸಮ ಇರುವಾಗ ನಾನು ಮ್ಯಾನುವಲ್ ಮೋಡಿಗೆ ಹೋಗುತ್ತೇನೆ. ಹಕ್ಕಿಯ ಬಿಳಿ ಗರಿಯ ಮೇಲೆ ಒಮ್ಮೆ ಅಳೆದು, ಹಿಸ್ಟೋಗ್ರಾಂನ ಗುಡ್ಡ ಬಲಗೋಡೆಗೆ ಒತ್ತದಂತೆ ಹೊಂದಿಸಿಟ್ಟರೆ ಹಿನ್ನೆಲೆ ಏನಾದರೂ ಆಗಲಿ, ಗರಿಯ ಬಿಳುಪು ಬದಲಾಗುವುದಿಲ್ಲ. ಬಣ್ಣದ ಕೊಕ್ಕರೆಯ ಬಾಲದ ಹತ್ತಿರದ ಗುಲಾಬಿ ಗರಿಗಳು ಅದರ ಹೆಸರನ್ನು ಸಾರ್ಥಕ ಮಾಡುವುದು ಈ ಲೆಕ್ಕ ಸರಿಯಿದ್ದಾಗ ಮಾತ್ರ.

ಹೊತ್ತೇರಿ ನೆಲ ಕಾದ ಮೇಲೆ ಹೆಜ್ಜಾರ್ಲೆಗಳು ಬಿಸಿಗಾಳಿಯ ಏರುಹರಿವು ಹಿಡಿದು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರಿದವು. ದೂರದ ಕೆರೆಗಳಿಗೆ ಮೀನಿಗೆ ಹೋಗುವ ಹೊತ್ತು. ನಾವೂ ಮೈಸೂರಿನ ಕಡೆ ಹೊರಟೆವು.

ಮರುದಿನದ ಬೆಳಗು ರಂಗನತಿಟ್ಟಿನಲ್ಲಿ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1640ರ ದಶಕದಲ್ಲಿ, ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದಾಗ ನೀರು ನಿಂತು ಈ ತಿಟ್ಟುಗಳು ಉಂಟಾದವೆಂದು ಹೇಳುತ್ತಾರೆ. ಸುತ್ತ ನೀರು, ನೀರಲ್ಲಿ ಮೊಸಳೆ. ಹೀಗಿರುವಾಗ ಬೆಕ್ಕು, ನಾಯಿ, ಮನುಷ್ಯ ಯಾರೂ ನಡೆದು ಹೋಗಲಾರದ ಜಾಗದಲ್ಲಿ ಹಕ್ಕಿಗಳು ಗೂಡು ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿಗೆ ಬಂದು ನೋಡಿ ಮೈಸೂರು ಅರಸರಿಗೆ ಸಲಹೆ ಕೊಟ್ಟ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಜೌಗುನೆಲೆಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಪಟ್ಟಿ ಸೇರಿದ ಕರ್ನಾಟಕದ ಮೊದಲ ತಾಣ ಇದೇ.

ಇಲ್ಲಿ ದೂರವನ್ನು ನಾವು ತೀರ್ಮಾನಿಸುವುದಿಲ್ಲ, ಹೊಳೆ ತೀರ್ಮಾನಿಸುತ್ತದೆ. ಹೊಳೆಯ ಪರವಾಗಿ ಮಾತಾಡುವವರು ಹುಟ್ಟು ಹಾಕುವ ಅರಣ್ಯ ಇಲಾಖೆಯ ದೋಣಿಗಾರರು. ನಮ್ಮ ದೋಣಿಯವರು ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ನೀರುಕಾಗೆ ಎಲ್ಲವನ್ನೂ ನಮಗಿಂತ ಮೊದಲೇ ನೋಡುತ್ತಿದ್ದರು. ಒಂದು ಬಂಡೆಯ ಮೇಲೆ ಹೊಳೆ ರೀವ ಕೂತಿತ್ತು. ಹಳದಿ ಕೊಕ್ಕು, ಕಪ್ಪು ಟೊಪ್ಪಿಗೆ, ಕವಲು ಬಾಲ. ಗೆಳೆಯ, "ಸ್ವಲ್ಪ ಮುಂದೆ ತಗೊಳ್ಳಿ" ಎಂದ.

"ಬೇಡ ಸಾರ್. ಅದು ಈಗ ನಮ್ಮ ಕಡೆ ತಿರುಗಿ ಕೂತಿದೆ. ಇನ್ನೊಂದು ಮಾರು ಹೋದರೆ ಎದ್ದುಬಿಡತ್ತೆ. ಇಲ್ಲೇ ಬಿಟ್ಟುಬಿಡ್ತೀನಿ, ನೀರೇ ದೋಣೀನ ತಿರುಗಿಸತ್ತೆ, ಆಗ ಬೆಳಕೂ ಸರಿಯಾಗತ್ತೆ."

ಹಾಗೇ ಆಯಿತು. ಹುಟ್ಟು ಮೇಲೆತ್ತಿದರು, ದೋಣಿ ತಾನಾಗಿ ಬಾಗಿತು, ಸೂರ್ಯ ನಮ್ಮ ಬೆನ್ನಿಗೆ ಬಂದ. ರೀವ ಗರಿ ತಿದ್ದಿಕೊಳ್ಳಲು ಶುರುಮಾಡಿತು. ಹಕ್ಕಿ ಗರಿ ತಿದ್ದಿಕೊಳ್ಳುತ್ತಿದೆ, ಕಣ್ಣು ಮುಚ್ಚುತ್ತಿದೆ, ಮೈ ಕೊಡವುತ್ತಿದೆ ಎಂದರೆ ನಾವಿರುವ ದೂರ ಅದಕ್ಕೆ ಒಪ್ಪಿಗೆಯಾಗಿದೆ ಎಂದರ್ಥ. ಕತ್ತು ನೀಳ ಮಾಡಿ, ಗರಿಗಳನ್ನು ಮೈಗೆ ಒತ್ತಿಕೊಂಡು, ಕಾಲು ಮಡಿಸಿ ಮುಂದಕ್ಕೆ ಬಾಗಿದರೆ ದೂರ ಸಾಲದು ಎಂದು ಹೇಳುತ್ತಿದೆ. ಈ ಗುರುತುಗಳನ್ನು ಓದುವುದು ಅಪರ್ಚರ್, ಶಟರ್ ಓದಿದಷ್ಟೇ ಮುಖ್ಯವಾದ ತಂತ್ರ. ನಾನು ಇದನ್ನು ಹೆಚ್ಚಾಗಿ ದೋಣಿಗಾರರಿಂದಲೇ ಕಲಿತಿದ್ದೇನೆ.

ದೋಣಿಯಲ್ಲಿ ಟ್ರೈಪಾಡ್ ಕೆಲಸಕ್ಕೆ ಬರುವುದಿಲ್ಲ. ಅದರ ಕಾಲು ಹಲಗೆಯ ಮೇಲೆ ನಿಂತರೆ ದೋಣಿಯ ಅಲುಗಾಟವೆಲ್ಲ ನೇರ ಲೆನ್ಸಿಗೆ ಏರುತ್ತದೆ. ಕೈಯಲ್ಲೇ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಸೊಂಟವನ್ನು ಸಡಿಲ ಬಿಟ್ಟರೆ ಮೈಯೇ ಅಲುಗಾಟವನ್ನು ನುಂಗಿಕೊಳ್ಳುತ್ತದೆ. ಶಟರ್ ವೇಗ 1/1000ಕ್ಕಿಂತ ಮೇಲೆ. ಅಪರ್ಚರ್ ವಿಷಯದಲ್ಲೂ ದೂರದ ಲೆಕ್ಕ ಬರುತ್ತದೆ. 400 ಮಿ.ಮೀ. ಲೆನ್ಸನ್ನು ಎಫ್/5.6ರಲ್ಲಿಟ್ಟು 10 ಮೀಟರ್ ದೂರದ ಹಕ್ಕಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರುವ ಆಳ ಗೇಣಿಗೂ ಕಡಿಮೆ, ಸುಮಾರು 14 ಸೆಂಟಿಮೀಟರ್. ಕಣ್ಣು ಚೊಕ್ಕವಾಗಿ ಬಂದರೆ ರೆಕ್ಕೆಯ ತುದಿ ಮಸುಕು. ಅದೇ ಹಕ್ಕಿ 40 ಮೀಟರ್ ದೂರದಲ್ಲಿದ್ದರೆ ಆ ಆಳ 2 ಮೀಟರ್ ದಾಟುತ್ತದೆ. ಬಂಡೆಯ ಮೇಲಿನ ಕೊಕ್ಕರೆ ಜೋಡಿ, ಅವುಗಳ ಕಾಲಬುಡದ ಮರಿ ಎಲ್ಲವೂ ಒಟ್ಟಿಗೆ ಚೊಕ್ಕವಾಗಿ ನಿಲ್ಲುತ್ತವೆ. ಹತ್ತಿರ ಹೋದಷ್ಟೂ ಒಂದು ಹಕ್ಕಿ ಸಿಗುತ್ತದೆ, ದೂರ ನಿಂತರೆ ಒಂದು ಸಂಸಾರ ಸಿಗುತ್ತದೆ.

ಆ ಬೆಳಗಿನ ನನ್ನ ಮೆಚ್ಚಿನ ಚಿತ್ರ ಬಂದದ್ದು 18–55ರ ಪುಟ್ಟ ಲೆನ್ಸಿನಿಂದ. ಹೊಳೆಯ ನಡುವೆ ಬಿದಿರು ಮೆಳೆ, ಅದರ ತುಂಬ ಬಿಳಿ ಚುಕ್ಕೆಗಳಂತೆ ಹಕ್ಕಿಗಳು, ಕೆಳಗೆ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುತ್ತಿರುವ ಮೊಸಳೆ. ಮೊಸಳೆ ಇಲ್ಲದಿದ್ದರೆ ಈ ಮೆಳೆಯಲ್ಲಿ ಇಷ್ಟು ಗೂಡುಗಳು ಇರುತ್ತಿರಲಿಲ್ಲ. ಕೊಕ್ಕರೆಯ ಕಣ್ಣಿನ ಹೊಳಪನ್ನು ಮಾತ್ರ ತುಂಬಿಕೊಂಡ ಚೌಕಟ್ಟಿಗೆ ಈ ಸಂಬಂಧ ಹೇಳಲು ಬರುವುದಿಲ್ಲ.

ಹೀಗೆ ನೆಲೆಯ ಜೊತೆಗೇ ಪ್ರಾಣಿಯನ್ನು ನೋಡುವುದು ಹೊಸದೇನಲ್ಲ. ಎಂ. ಕೃಷ್ಣನ್ 1940ರ ದಶಕದಲ್ಲಿ ಸಂಡೂರು ಸಂಸ್ಥಾನದಲ್ಲಿ ಕೆಲಸ ಮಾಡಿದವರು, ಆಮೇಲೆ ಮದರಾಸಿನಲ್ಲಿ ನೆಲೆಸಿ ಬರೆಯುತ್ತ, ಚಿತ್ರ ತೆಗೆಯುತ್ತ ಬದುಕಿದವರು. ಕಪ್ಪುಬಿಳುಪಿನಲ್ಲೇ ತೆಗೆದರು, ಬಿಡಿಭಾಗಗಳನ್ನು ತಾವೇ ಜೋಡಿಸಿಕೊಂಡ ಭಾರಿ ಕ್ಯಾಮೆರಾ ಹೊತ್ತು ತಿರುಗಿದರು. ಅದೇ ಸಂಡೂರಿನ ಎಂ.ವೈ. ಘೋರ್ಪಡೆಯವರು ಕರ್ನಾಟಕದ ಹಣಕಾಸು ಮಂತ್ರಿಯಾಗಿದ್ದುಕೊಂಡೂ ಕಾಡಿನ ಚಿತ್ರಗಳಿಗೆ ಹೆಸರಾದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ಮತ್ತು ಇ. ಹನುಮಂತರಾವ್ ಆ ಪರಂಪರೆಯನ್ನು ಇಡೀ ದೇಶ ತಿರುಗಿ ನೋಡುವ ಮಟ್ಟಕ್ಕೆ ಏರಿಸಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದರು, ಹಕ್ಕಿಗಳ ಬಗ್ಗೆ ಬರೆದರು. ಕನ್ನಡದ ಎಷ್ಟೋ ಓದುಗರು ಮೊದಲ ಸಲ ತಲೆ ಎತ್ತಿ ಮರ ನೋಡಿದ್ದು ಅವರ ಬರಹ ಓದಿಯೇ.

ಆ ತಲೆಮಾರಿಗೆ ಒಂದು ರೀಲಿನಲ್ಲಿ ಇದ್ದದ್ದು 36 ಚಿತ್ರ. ಫೋಕಸ್ ಕೈಯಿಂದ, ಬೆಳಕಿನ ಅಂದಾಜು ಕಣ್ಣಿನಿಂದ. ಸ್ಲೈಡ್ ಫಿಲ್ಮಿನಲ್ಲಿ ಎಕ್ಸ್‌ಪೋಷರ್ ಅರ್ಧ ಸ್ಟಾಪು ತಪ್ಪಿದರೂ ಚಿತ್ರ ಕೈಬಿಟ್ಟಂತೆ. ಇಂದಿನ ಉದ್ದ ಲೆನ್ಸುಗಳು ಇಲ್ಲದ ಅವರಲ್ಲಿ ಅನೇಕರು ಮರೆ ಕಟ್ಟಿಕೊಂಡು ಕೂರುತ್ತಿದ್ದರು. ಗೋಣಿಯದೋ ಸೊಪ್ಪಿನದೋ ಪುಟ್ಟ ಗುಡಾರವನ್ನು ಮೊದಲು ದೂರದಲ್ಲಿಟ್ಟು, ಹಕ್ಕಿ ಅದನ್ನು ಒಪ್ಪಿಕೊಂಡ ಮೇಲೆ ದಿನಕ್ಕಿಷ್ಟು ಎಂದು ಹತ್ತಿರ ಸರಿಸುತ್ತಿದ್ದರು. ಗೂಡಿನ ಬಳಿ ಹಾಗೆ ತೆಗೆಯುವುದನ್ನು ಇಂದು ಒಪ್ಪುವುದಿಲ್ಲ. ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಆ ನಿಯಮ ಸರಿ. ತೆಗೆಯುವವರು ಬೆರಳೆಣಿಕೆಯಷ್ಟಿದ್ದಾಗ ನಡೆದದ್ದು, ಪ್ರತಿ ಪೊದೆಯ ಮುಂದೆ ಹತ್ತು ಕ್ಯಾಮೆರಾ ನಿಲ್ಲುವ ಕಾಲಕ್ಕೆ ನಡೆಯುವುದಿಲ್ಲ. ತಾಯಿ ಹಕ್ಕಿ ಹೆದರಿ ಎದ್ದು ಹೋದ ಹೊತ್ತಿನಲ್ಲೇ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಕಾಗೆ ಹೊಂಚು ಹಾಕುತ್ತದೆ. ಕೊಕ್ಕರೆಬೆಳ್ಳೂರಿನಲ್ಲೂ ರಂಗನತಿಟ್ಟಿನಲ್ಲೂ ಹಕ್ಕಿಗಳು ಜನರನ್ನು, ದೋಣಿಗಳನ್ನು ನೋಡಿಕೊಂಡೇ ಗೂಡು ಕಟ್ಟಿವೆ. ಒಂಟಿ ಪೊದೆಯಲ್ಲಿ ಅಡಗಿಸಿ ಗೂಡು ಕಟ್ಟಿದ ಸಣ್ಣ ಹಕ್ಕಿ ಮಾಡಿದ ಆಯ್ಕೆಯೇ ಬೇರೆ. ಅಡಗಿರಬೇಕು ಎಂಬ ಅದರ ಆಯ್ಕೆಯನ್ನೂ ನಾವು ಗೌರವಿಸಬೇಕು. ಆದರೂ ಹಿರಿಯರ ಆ ಮರೆಯಿಂದ ಕಲಿಯಬೇಕಾದ್ದು ಒಂದಿದೆ. ಹತ್ತಿರ ಹೋಗುವುದಕ್ಕೆ ಅವರು ದಿನಗಳನ್ನು ಕೊಡುತ್ತಿದ್ದರು, ಒಪ್ಪಿಗೆ ಸಿಗುವವರೆಗೆ ಕಾಯುತ್ತಿದ್ದರು.

ಮೂರನೆಯ ಪಯಣ ತೀರ ಬೇರೆ ನೆಲಕ್ಕೆ. ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಆಂಧ್ರದ ಗಡಿ ಹತ್ತಿರವೇ. ಜಯಮಂಗಲಿ ನದಿಯ ಹೆಸರಿನಲ್ಲಿರುವ ಕೃಷ್ಣಮೃಗ ಸಂರಕ್ಷಣಾ ಮೀಸಲು ಇರುವುದು ಇಲ್ಲಿ. ಹುಲ್ಲು, ಅಲ್ಲಲ್ಲಿ ಜಾಲಿ, ನೀಲಗಿರಿ, ಸುತ್ತ ಹೊಲ. ದಟ್ಟ ಮರಗಳಿಲ್ಲ, ಬಂಡೆಯಿಲ್ಲ, ಹೊಳೆಯಿಲ್ಲ. ಅಡಗಲು ಜಾಗವಿಲ್ಲದ ಬಯಲಿನಲ್ಲಿ ಕೃಷ್ಣಮೃಗ ನಂಬಿರುವುದು ತನ್ನ ಕಣ್ಣು ಮತ್ತು ಕಾಲುಗಳನ್ನು. ದೂರವೇ ಅದರ ಬೇಲಿ.

ಬೆಳಕು ಹರಿಯುವ ಮುನ್ನವೇ ಗಾಡಿದಾರಿಯಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿಗೆ ಕಡಲೆ ಚೀಲ ಹೊದಿಸಿ ಕಾದೆವು. ಎಂಜಿನ್ ಓಡುತ್ತಿದ್ದರೆ ಅದರ ನಡುಕ ಚಿತ್ರಕ್ಕೆ ಇಳಿಯುತ್ತದೆ. ನಿಂತ ಕಾರನ್ನು ಪ್ರಾಣಿಗಳು ಮನುಷ್ಯನಷ್ಟು ಅಪಾಯವೆಂದು ಬಗೆಯುವುದಿಲ್ಲ, ಅದೇ ನಮ್ಮ ಮರೆ. ಸೂರ್ಯ ಏಳುವ ಹೊತ್ತಿಗೆ ಮಂದೆಯೊಂದು ಮೇಯುತ್ತ ಬಂತು. ಹೆಣ್ಣುಗಳು, ಮರಿಗಳು ಕಂದು. ಗಂಡು ಬೆನ್ನೆಲ್ಲ ಕಡುಗಪ್ಪು, ಹೊಟ್ಟೆ ಬೆಳ್ಳಗೆ, ಸುರುಳಿ ಸುತ್ತಿದ ಕೊಂಬು. ಅದು ಮೂತಿ ಮೇಲಕ್ಕೆತ್ತಿ ಕೊಂಬುಗಳನ್ನು ಬೆನ್ನಿಗೆ ಒರಗಿಸಿಕೊಂಡು ಹೆಣ್ಣುಗಳ ಸುತ್ತ ಬಿಂಕದಿಂದ ನಡೆಯಿತು. 1/500, ಎಫ್/5.6, ಐಎಸ್‌ಒ 1600. ಕಪ್ಪು ಮೈಯ ಗೆರೆಗಳು ಕಾಣಬೇಕು, ಹೊಟ್ಟೆಯ ಬಿಳುಪು ಸುಡಬಾರದು. ಈ ಎರಡನ್ನೂ ಒಟ್ಟಿಗೆ ಹಿಡಿಯಲು ಎಳೆಬಿಸಿಲಿನ ಮೆತ್ತನೆಯ ಬೆಳಕೇ ಬೇಕು.

ಗಂಡೆರಡು ಒಂದನ್ನೊಂದು ಅಟ್ಟಿಸಿಕೊಂಡು ಓಡಿದಾಗ ಶಟರನ್ನು 1/60ಕ್ಕೆ ಇಳಿಸಿ ಪ್ಯಾನಿಂಗ್ ಮಾಡಿದೆ. ಓಟದ ಜೊತೆಗೇ, ಅದೇ ವೇಗದಲ್ಲಿ ಲೆನ್ಸನ್ನು ತಿರುಗಿಸುತ್ತ ಗುಂಡಿ ಒತ್ತಬೇಕು, ಒತ್ತಿದ ಮೇಲೂ ತಿರುಗುವುದು ನಿಲ್ಲಬಾರದು. ಎಲ್ಲ ಕೂಡಿಬಂದರೆ ತಲೆ, ಕೊಂಬು ಚೊಕ್ಕವಾಗಿ ನಿಂತು ಹುಲ್ಲೆಲ್ಲ ಗೆರೆಗೆರೆಯಾಗಿ ಹರಿಯುತ್ತದೆ. ಈ ತಂತ್ರಕ್ಕೂ ದೂರ ಬೇಕು. ತೀರ ಹತ್ತಿರದಲ್ಲಿ ಪ್ರಾಣಿ ಚೌಕಟ್ಟನ್ನು ದಾಟುವ ವೇಗಕ್ಕೆ ಕೈ ಸಾಟಿಯಾಗುವುದಿಲ್ಲ.

ಸೂರ್ಯ ಸ್ವಲ್ಪ ಮೇಲೇರುತ್ತಲೇ ಬಯಲು ನಮ್ಮ ಲೆನ್ಸುಗಳ ಮಿತಿಯನ್ನು ತೋರಿಸಿತು. ಕಾದ ನೆಲದಿಂದ ಏಳುವ ಝಳ 150 ಮೀಟರ್ ಆಚೆಯ ಮಂದೆಯನ್ನು ನೀರಿನೊಳಗಿನ ಬಿಂಬದಂತೆ ಕದಡಿಬಿಟ್ಟಿತು. ಎಷ್ಟೇ ಬೆಲೆಯ ಲೆನ್ಸಾದರೂ ನಡುವಿನ ಗಾಳಿಯನ್ನು ತೆಗೆದುಹಾಕಲಾರದು. ಬಯಲಿನಲ್ಲಿ ಕೆಲಸದ ಹೊತ್ತು ಮುಂಜಾನೆ ಮತ್ತು ಇಳಿಸಂಜೆ ಮಾತ್ರ.

ಕ್ಯಾಮೆರಾ ಬದಿಗಿಟ್ಟು ಇಳಿದು ನಿಂತಿದ್ದಾಗ ಕುರಿಮಂದೆಯ ಹಿಂದೆ ಬಂದ ಹಿರಿಯರೊಬ್ಬರು ಮಾತಿಗೆ ನಿಂತರು. ಅವರ ಕುರಿಗಳ ಆಚೆಯೇ ಕೃಷ್ಣಮೃಗಗಳು ನಿರಾತಂಕವಾಗಿ ಮೇಯುತ್ತಿದ್ದವು. ನಾವು ಬಾಗಿಲು ತೆರೆದರೇ ತಲೆ ಎತ್ತುವ ಪ್ರಾಣಿಗಳು ಇವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. "ನಿಮ್ಮನ್ನ ಕಂಡ್ರೆ ಯಾಕೆ ಓಡಲ್ಲ ತಾತ?" ಎಂದೆ.

"ನಾನು ಅವ್ನ ನೋಡಲ್ವಲ್ಲ ಸ್ವಾಮಿ, ನನ್ ಪಾಡಿಗೆ ಹೋಯ್ತೀನಿ. ನೀವು ಬಗ್ಗಿ ಬಗ್ಗಿ, ಅವುನ್ನೇ ನೋಡ್ಕಂಡು ನೆಟ್ಟಗೆ ಬತ್ತೀರಿ. ನಾಯೀನೂ ಹಂಗೇ ಅಲ್ವಾ ಬರೋದು?"

ಕ್ಷೇತ್ರಪಾಠ ಎಂದರೆ ಇದು. ಬೇಟೆಗಾರ ಪ್ರಾಣಿ ಮೈ ಕುಗ್ಗಿಸಿ, ಕಣ್ಣು ನೆಟ್ಟು, ನೇರವಾಗಿ ಬರುತ್ತದೆ. ಚಿತ್ರ ತೆಗೆಯುವ ಹಂಬಲದಲ್ಲಿ ನಾವು ನಡೆಯುವುದೂ ಅದೇ ರೀತಿ. ಸಂಜೆ ಅವರು ಹೇಳಿದಂತೆ ಮಾಡಿದೆವು. ಗಾಡಿದಾರಿ ಬಿಡದೆ, ಮಂದೆಯ ಕಡೆಗೆ ಮುಖ ಮಾಡದೆ, ಓರೆಯಾಗಿ, ನಿಂತು ನಿಂತು ನಡೆದೆವು. ಮೊದಲ ತಲೆ ಎದ್ದ ಕೂಡಲೇ ಅಲ್ಲೇ ಕೂತುಬಿಟ್ಟೆವು. ಬಹಳ ಹೊತ್ತಿನ ಮೇಲೆ ತಲೆಗಳು ಹುಲ್ಲಿಗಿಳಿದವು. ಮಂದೆ ಮೇಯುತ್ತ ಮೇಯುತ್ತ ತಾನಾಗಿಯೇ ನಮ್ಮ ಕಡೆಗೆ ಹೊರಳಿತು. ಅಂದು ನನಗೆ ಸಿಕ್ಕ ಅತ್ಯಂತ ಹತ್ತಿರದ ಚಿತ್ರ ಅದೇ, ಆ ಅಂತರವನ್ನು ಕಡಿಮೆ ಮಾಡಿದ್ದು ಕೃಷ್ಣಮೃಗವೇ.

ಮನೆಗೆ ಬಂದು ಚಿತ್ರಗಳನ್ನು ಆರಿಸುವಾಗ ಈ ಮೂರು ನೆಲಗಳು ಒಂದೇ ಪಾಠವನ್ನು ಮೂರು ಬಗೆಯಲ್ಲಿ ಹೇಳಿದ್ದು ಅರಿವಾಯಿತು. ಕೊಕ್ಕರೆಬೆಳ್ಳೂರಿನಲ್ಲಿ ದೂರವನ್ನು ಊರಿನ ಜನರನ್ನು ಕೇಳಿ ತಿಳಿಯಬೇಕು, ರಂಗನತಿಟ್ಟಿನಲ್ಲಿ ಹೊಳೆಯನ್ನೂ ಹುಟ್ಟು ಹಿಡಿದವರನ್ನೂ ನಂಬಿ ತಿಳಿಯಬೇಕು, ಮೈದನಹಳ್ಳಿಯಲ್ಲಿ ಪ್ರಾಣಿಯ ಕಿವಿ, ಕತ್ತು, ಕಾಲುಗಳನ್ನು ಓದಿ ತಿಳಿಯಬೇಕು. ಎಲ್ಲ ಕಡೆಯೂ ಸರಿಯಾದ ದೂರವನ್ನು ತೀರ್ಮಾನಿಸುವ ಹಕ್ಕು ಲೆನ್ಸಿನ ಆಚೆ ಬದಿಯಲ್ಲಿರುವವರದು. ಒಳ್ಳೆಯ ಉಪಕರಣ ಆ ತೀರ್ಮಾನಕ್ಕೆ ತಲೆಬಾಗುವ ಅನುಕೂಲವನ್ನು ನಮಗೆ ಕೊಡುತ್ತದೆ. ಉದ್ದ ಲೆನ್ಸು ಹಿಂದೆ ನಿಲ್ಲಲು, ಎತ್ತರದ ಐಎಸ್‌ಒ ಫ್ಲ್ಯಾಶ್ ಇಲ್ಲದೆ ತೆಗೆಯಲು, ಸದ್ದಿಲ್ಲದ ಶಟರ್ ಬೆದರಿಸದಿರಲು. ಅದಕ್ಕಾಗಿ ಸಾಲ ಮಾಡಿ ಲೆನ್ಸು ಕೊಳ್ಳುವ ಗೆಳೆಯರನ್ನು ನಾನು ಬೈಯುವುದಿಲ್ಲ. ಆದರೆ ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಅದನ್ನು ಹೊರಗೆಳೆಯುವುದು, ಹಾರುವ ಚಿತ್ರಕ್ಕಾಗಿ ಕಲ್ಲೆಸೆದು ಎಬ್ಬಿಸುವುದು, ಅಡ್ಡಬಂದ ಕೊಂಬೆ ಮುರಿಯುವುದು, ಇವು ಎಷ್ಟು ಬೆಲೆಯ ಉಪಕರಣದಿಂದ ಮಾಡಿದರೂ ಕೆಟ್ಟ ಛಾಯಾಗ್ರಹಣವೇ.

ನಾವು ಚಿತ್ರ ಹಂಚಿಕೊಳ್ಳುವಾಗ ಕ್ಯಾಮೆರಾ, ಲೆನ್ಸು, ಅಪರ್ಚರ್, ಶಟರ್, ಐಎಸ್‌ಒ ಎಲ್ಲ ಬರೆಯುತ್ತೇವೆ. ಆ ಸಾಲಿಗೆ ಇನ್ನೆರಡು ವಿವರ ಸೇರಿಸೋಣ ಎಂಬುದು ನನ್ನ ಮನವಿ: ಎಷ್ಟು ದೂರದಿಂದ ತೆಗೆದದ್ದು, ತೆಗೆದ ಮೇಲೆ ಆ ಜೀವಿ ಏನು ಮಾಡಿತು. 'ಸುಮಾರು 40 ಮೀಟರ್, ದೋಣಿಯಿಂದ. ಹಕ್ಕಿ ಗರಿ ತಿದ್ದಿಕೊಳ್ಳುತ್ತಲೇ ಇತ್ತು' ಎಂದು ನಾನೀಗ ನನ್ನ ಚಿತ್ರಗಳ ಕೆಳಗೆ ಬರೆಯತೊಡಗಿದ್ದೇನೆ. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಈ ಸಾಲು ಓದಿ, ನಾಲ್ಕು ಹೆಜ್ಜೆ ಹಿಂದೆ ನಿಂತೂ ಒಳ್ಳೆಯ ಚಿತ್ರ ತೆಗೆಯಬಹುದೆಂದು ನಂಬಿದರೆ, ಯಾವ ಲೆನ್ಸು ಎಂದು ಕೇಳಿ ತಿಳಿಯುವುದಕ್ಕಿಂತ ಹೆಚ್ಚಿನದನ್ನು ಕಲಿತಂತೆ. ಹಕ್ಕಿಗಳು ಮುಂದಿನ ವರ್ಷವೂ ಅದೇ ಮರಕ್ಕೆ ಬರುವಂತೆ ಚಿತ್ರ ತೆಗೆಯುವುದು ಈ ಹವ್ಯಾಸದ ಮೊದಲ ತಂತ್ರ. ಉಳಿದವೆಲ್ಲ ಅದಾದ ಮೇಲಿನವು.